ಅನುಮಾನದ ಕಾಲಂ

ಅಂಗಿಯ ತೋಳಿನ ತೂತನ್ನು ಹೊಲಿದು ಆಕೆ ದಾರವನ್ನು ಹಲ್ಲಿನಿಂದ ಕಡಿಯುತ್ತಿರುವಾಗ ನಾದಿನಿ ಹೊಸ ಅಂಗಿಯೊಂದನ್ನು ತಂದು ಮುಖದ ಮುಂದೆ ಹಿಡಿದಳು.

"ಅತ್ತಿಗೆ, ಇವತ್ತಾದ್ರೂ ಅಣ್ಣನಿಗೆ ತೂತಿಲ್ಲದ ಅಂಗಿ ಹಾಕೋಣ. ನೋಡಿದವರು ಏನಂದ್ಕೋತಾರೆ?"

"ತೂತಿಲ್ಲದ ಅಂಗೀಲಿ ನಿಮ್ಮಣ್ಣನ ಗುರುತೇ ಸಿಗಲ್ಲ ಕಣೆ. ಬಂದವರು ಮನೆ ತಪ್ಪಿತು ಅಂತ ವಾಪಸ್ ಹೋಗ್ತಾರೆ."

ನಾದಿನಿ ಅಳಲು ಬಾಯಿ ತೆರೆದವಳು ನಕ್ಕುಬಿಟ್ಟಳು. ಆಮೇಲೆ ಎರಡನ್ನೂ ಒಟ್ಟಿಗೇ ಮಾಡಿದಳು.

ಆಕೆ ಹೊಲಿದದ್ದು ಬೂದುಬಣ್ಣದ ಅಂಗಿ. ಶಾಲೆಯ ಪ್ರಯೋಗಶಾಲೆಯಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದ ಮನುಷ್ಯ ತೊಟ್ಟದ್ದು. ಆಮ್ಲದ ಹನಿ ಸಿಡಿದು ಅಲ್ಲಲ್ಲಿ ಸುಟ್ಟ ತೂತುಗಳು. ಪ್ರತಿ ತೂತಿನ ಮೇಲೂ ಹೆಂಡತಿಯ ಹೊಲಿಗೆ. ಅವರು ಮೇಷ್ಟ್ರಲ್ಲ. ಆದರೂ ಊರಿಗೆಲ್ಲ ಅವರು 'ಬಾಟ್ಲಿ ಮೇಷ್ಟ್ರು.' ಮರದ ತಟ್ಟೆಯಲ್ಲಿ ಸೀಸೆಗಳನ್ನು ಜೋಡಿಸಿಕೊಂಡು ಶಾಲೆಯ ಉದ್ದನೆಯ ಕಾರಿಡಾರಿನಲ್ಲಿ ಅವರು ಬರುತ್ತಿದ್ದರೆ ಟಿಣ್ ಟಿಣ್ ಸದ್ದು ಮೊದಲು ಬರುತ್ತಿತ್ತು. ಕೂಡಲೇ ಯಾರಾದರೊಬ್ಬರು "ಜರುಗ್ರೋ, ಬಾಟ್ಲಿ ಮೇಷ್ಟ್ರು ಬಂದ್ರು!" ಎಂದು ಕೂಗುವರು, ಮಕ್ಕಳೆಲ್ಲ ಎರಡೂ ಕಡೆ ಗೋಡೆಗೆ ಬೆನ್ನು ಹಚ್ಚಿ ಉಸಿರು ಬಿಗಿಹಿಡಿದು ನಿಲ್ಲುವರು.

ನಿನ್ನೆ ಸಂಜೆ ಅವರು ಕುರ್ಚಿಯಲ್ಲಿ ಕೂತು ನೀರು ಕೇಳಿದ್ದರು. ನೀರು ತರುವಷ್ಟರಲ್ಲಿ ಹೋಗಿದ್ದರು. ಎಪ್ಪತ್ತಾರು ವರ್ಷ. ಯಾರಿಗೂ ಒಂದು ದಿನದ ತೊಂದರೆ ಕೊಡಲಿಲ್ಲ, ದೇವರು ದೊಡ್ಡವನು ಎಂದು ಬಂದವರೆಲ್ಲ ಹೇಳಿದರು. ಅದು ಆಕೆಗೂ ಗೊತ್ತಿತ್ತು. ಆದರೆ ಹನ್ನೊಂದಕ್ಕೆ ಗಾಡಿ ಬರುವುದಿತ್ತು, ಅಷ್ಟರೊಳಗೆ ಆಕೆಗೆ ಗಂಡನ ಹತ್ತಿರ ಒಂದು ನಿಮಿಷ ಒಬ್ಬಳೇ ಇರಬೇಕಿತ್ತು. ಹತ್ತೊಂಬತ್ತು ವರ್ಷ ಬಚ್ಚಿಟ್ಟ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಅವರನ್ನು ಕಳಿಸಿಕೊಟ್ಟರೆ, ನಾಳೆ ಬೆಳಿಗ್ಗೆ ಯಾವ ಮುಖ ಹೊತ್ತು ದೇವರ ಮುಂದೆ ಕೂರುವುದು?

ಅಂಗಿ ತೊಡಿಸಿದ್ದಾಯಿತು. ಆಕೆ ಬಾಯಿ ತೆರೆಯುವಷ್ಟರಲ್ಲಿ ನಲ್ಲಿ ರಿಪೇರಿಯವನು ಬಂದು ಕಾಲ ಬಳಿ ಕುಕ್ಕರಿಸಿದ. ಐವತ್ತರ ಗಂಡಸು, ಮೇಷ್ಟ್ರ ಹಳೆಯ ಶಿಷ್ಯ.

"ಅಮ್ಮಾ, ಕರಗೋದು ದ್ರಾವ್ಯ, ಕರಗಿಸೋದು ದ್ರಾವಕ, ಎರಡೂ ಸೇರಿದ್ರೆ ದ್ರಾವಣ. ಇಷ್ಟು ನನ್ನ ತಲೆಗೆ ಹೋಗ್ತಾನೇ ಇರಲಿಲ್ಲ. ಮೇಷ್ಟ್ರು ಕರೆದು ಹೇಳಿದ್ರು: 'ನಾನು ಸಕ್ಕರೆ ಕಣೋ, ನಮ್ಮನೆಯವಳು ನೀರು. ಮದುವೆ ಆದ ದಿನದಿಂದ ನಾನು ಯಾರ ಕಣ್ಣಿಗೂ ಬಿದ್ದಿಲ್ಲ. ಆದ್ರೆ ಆ ಮನೇಲಿ ಎಲ್ಲಿ ನಾಲಿಗೆ ಇಟ್ಟರೂ ನನ್ನ ರುಚಿ ಇದೆ.' ಪರೀಕ್ಷೇಲಿ ಹಾಗೇ ಬರೆದೆ."

"ಅಯ್ಯೋ! ಮಾರ್ಕ್ಸ್ ಬಂತೇನಪ್ಪ?"

"ಮೇಡಂ ಅರ್ಧ ಕೊಟ್ರು."

ಮೂಲೆಯ ಕುರ್ಚಿಯಿಂದ "ಅರ್ಧವೇ ಜಾಸ್ತಿ" ಎಂದು ದನಿ ಬಂತು. ರಸಾಯನಶಾಸ್ತ್ರದ ಮೇಡಂ. ಎಪ್ಪತ್ತೇಳು ವರ್ಷ, ಬೆಳಿಗ್ಗೆ ಏಳಕ್ಕೇ ಬಂದು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಅಷ್ಟು ಹೇಳಿ ಅವರ ತಲೆ ಮತ್ತೆ ಹೆಗಲಿಗೆ ವಾಲಿತು.

ಆಕೆ ಕಿಟಕಿಯತ್ತ ನೋಡಿದಳು. ಅಲ್ಲಿ ಎರಡು ಪಟಿಕದ ಹರಳುಗಳಿದ್ದವು. ಒಂದು ಕಡಲೆಕಾಳಿನಷ್ಟು, ಇನ್ನೊಂದು ಹೆಬ್ಬೆರಳಿನಷ್ಟು.

* * *

ಮೇಷ್ಟ್ರ ನಿವೃತ್ತಿಗೆ ಹಿಂದಿನ ವರ್ಷ, ಶಾಲೆಗೆ ರಜೆಯಿದ್ದ ತಿಂಗಳು. ಪರೀಕ್ಷೆಯಲ್ಲಿ ಎಲ್ಲರೂ ಪಾಸಾದದ್ದು ತನ್ನ ಪ್ರಾರ್ಥನೆಯಿಂದ ಎಂದು ಆಕೆ ಹೇಳಿದ್ದಳು.

"ಆಧಾರ?" ಎಂದರು ಮೇಷ್ಟ್ರು.

"ಪಾಸಾದರಲ್ಲ, ಅದೇ ಆಧಾರ."

"ನೀನು ಪ್ರಾರ್ಥನೆ ಮಾಡದೇ ಇದ್ದಿದ್ರೆ ಫೇಲಾಗ್ತಿದ್ರಾ? ಅದು ಗೊತ್ತಾಗಬೇಕಾದ್ರೆ ಎರಡು ಜಾಡಿ ಬೇಕು."

ಬಿಸಿನೀರಿಗೆ ಪಟಿಕದ ಪುಡಿ ಹಾಕಿ ಕದಡಿದರು. ಕರಗಿತು. ಇನ್ನಷ್ಟು ಹಾಕಿದರು. ಕೊನೆಗೆ ಪುಡಿ ತಳದಲ್ಲೇ ನಿಂತಿತು.

"ಇನ್ನು ಒಂದು ಚಿಟಿಕೆಯೂ ಬೇಡ ಅಂತಿದೆ ನೋಡು ನೀರು. ಇದಕ್ಕೆ ಸಂತೃಪ್ತ ದ್ರಾವಣ ಅಂತಾರೆ."

"ನಿಮ್ಮ ತಂಗಿಗಿಂತ ವಾಸಿ" ಎಂದಳು ಆಕೆ.

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನೀರನ್ನು ಸೋಸಿ ಎರಡು ಜಾಡಿಗೆ ಸಮನಾಗಿ ಸುರಿದು, ಒಂದೊಂದರಲ್ಲೂ ದಾರಕ್ಕೆ ಕಟ್ಟಿದ ಸಣ್ಣ ಹರಳೊಂದನ್ನು ಇಳಿಬಿಟ್ಟರು. ಅದೇ ಪುಡಿ, ಅದೇ ದಾರ, ವ್ಯತ್ಯಾಸ ಒಂದೇ. ಮೊದಲನೆಯ ಜಾಡಿಗೆ ಆಕೆ ದಿನಾ ಪ್ರಾರ್ಥಿಸಬೇಕು. ಹಿಂದಿನ ಕೋಣೆಯಲ್ಲಿಟ್ಟ ಎರಡನೆಯದರ ಕಡೆ ಸುಳಿಯಬಾರದು. ಪುಸ್ತಕದಲ್ಲಿ ಮೇಷ್ಟ್ರು ಮೂರು ಕಾಲಂ ಎಳೆದರು: ಪ್ರಯೋಗ, ವೀಕ್ಷಣೆ, ಅನುಮಾನ.

"ಅನುಮಾನ ಅಂದ್ರೆ ಸಂಶಯ ಅಲ್ವಾ?"

"ಮನೇಲಿ ಸಂಶಯ. ಪ್ರಯೋಗಶಾಲೇಲಿ ಆ ಮಾತಿಗೆ ಮರ್ಯಾದೆ ಇದೆ ಮಾರಾಯ್ತಿ. ಕಣ್ಣಿಗೆ ಕಂಡದ್ದು ವೀಕ್ಷಣೆ. ಕಂಡದ್ದರಿಂದ ಹೊಳೆದದ್ದು ಅನುಮಾನ. ಒಂದನ್ನು ಇನ್ನೊಂದು ಅಂದ್ಕೊಂಡ್ರೆ ಕೆಟ್ಟೆವು."

ಮೂವತ್ತು ವರ್ಷ ಬೇರೆಯವರ ಪ್ರಯೋಗಕ್ಕೆ ಸೀಸೆ ತೊಳೆದ ಮನುಷ್ಯ ತನ್ನದೇ ಎಂದು ಮಾಡಿದ ಪ್ರಯೋಗ ಅದೊಂದೇ. ಅದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮೂರನೆಯ ದಿನಕ್ಕೇ ಆಕೆಯ ಮನಸ್ಸು ತಡೆಯಲಿಲ್ಲ. ಒಂದಕ್ಕೆ ಬೇಡಿಕೊಂಡು ಇನ್ನೊಂದಕ್ಕೆ ಬೆನ್ನು ತಿರುಗಿಸುವುದು ಹೇಗೆ? ಅದು ಏನು ತಪ್ಪು ಮಾಡಿತ್ತು? ಮೇಷ್ಟ್ರು ಸ್ನಾನಕ್ಕೆ ಹೋದಾಗ ಹಿಂದಿನ ಕೋಣೆಯ ಹೊಸ್ತಿಲಲ್ಲೇ ನಿಂತು, ಒಳಗೆ ಕಾಲಿಡದೆ, ಅದಕ್ಕೂ ಬೇಡಿಕೊಂಡಳು. ಹಾಗೆಯೇ ಪ್ರತಿದಿನ.

ತಿಂಗಳು ಮುಗಿದಾಗ, ಆಕೆ ದಿನಾ ಹತ್ತಿರ ಕೂತು ಪ್ರಾರ್ಥಿಸುತ್ತ ಮೇಜು ಅಲುಗಿಸುತ್ತಿದ್ದ ಮೊದಲ ಜಾಡಿಯಲ್ಲಿ ಕಡಲೆಕಾಳಿನಷ್ಟು ಹರಳು. ಯಾರೂ ಮುಟ್ಟದ ಜಾಡಿಯಲ್ಲಿ ಹೆಬ್ಬೆರಳಿನಷ್ಟು.

ಮೇಷ್ಟ್ರು ಎರಡಕ್ಕೂ ಅವು ಪುಡಿಯಾಗದಿರಲೆಂದು ಪಕ್ಕದ ಮನೆ ಹುಡುಗಿಯ ಉಗುರುಬಣ್ಣದ ಸೀಸೆಯಿಂದ ಬಣ್ಣವಿಲ್ಲದ ಲೇಪ ಬಳಿದು ಕಿಟಕಿಯಲ್ಲಿಟ್ಟರು. "ಯಾರು ಗೆದ್ದದ್ದು?" ಎಂದು ಆಕೆ ಕೇಳಿದರೆ, "ಪುಸ್ತಕ ಮೇಡಂ ಹತ್ರ ಕೊಟ್ಟಿದ್ದೀನಿ. ಇನ್ನೂ ತಿದ್ದಿಲ್ಲ" ಎಂದರು. ಹತ್ತೊಂಬತ್ತು ವರ್ಷವೂ ಅದೇ ಉತ್ತರ. ದೊಡ್ಡ ಹರಳನ್ನು ನೋಡಿದಾಗಲೆಲ್ಲ ತಮ್ಮಷ್ಟಕ್ಕೆ ನಗುವರು. ಗೆದ್ದ ನಗು ಅದು, ನನಗೆ ನೋವಾಗದಿರಲೆಂದು ಬಾಯಿಬಿಡುತ್ತಿಲ್ಲ ಎಂದು ಆಕೆ ತಿಳಿದಳು. ತಾನೂ ತುಟಿಪಿಟಕ್ಕೆನ್ನಲಿಲ್ಲ.

* * *

ಹತ್ತೂವರೆಯಾಯಿತು. ಆಕೆ ಎದ್ದು ಸೆರಗು ಸರಿಮಾಡಿಕೊಂಡಳು.

"ಏನೇ, ಹಿಂದಿನ ಕೋಣೇಲಿ ನಿಮ್ಮಣ್ಣನ ಕನ್ನಡಕ ಇದೆ, ಹುಡುಕಿ ತಾ." ಕನ್ನಡಕ ಆಕೆಯ ಸೆರಗಿನೊಳಗೇ ಇತ್ತು. "ನೀನೊಂದು ಉಪಕಾರ ಮಾಡಪ್ಪ. ಬಚ್ಚಲ ನಲ್ಲಿ ತೊಟ್ಟಿಕ್ತಿದೆ."

"ಈಗ್ಲಾ ಅಮ್ಮ?"

"ನೀನು ಮತ್ತೆ ಯಾವಾಗ ಕೈಗೆ ಸಿಗ್ತೀಯ?"

ಉಳಿದವರು, ಮೇಷ್ಟ್ರ ಹಳೆಯ ಶಿಷ್ಯರೆಲ್ಲ, ಅಂಗಳದ ನೆರಳಿನಲ್ಲಿದ್ದರು. ಮೇಡಂ ನಿದ್ದೆಯಲ್ಲಿದ್ದರು. ಆಕೆ ಗಂಡನ ಕಿವಿಗೆ ಬಾಗಿದಳು.

"ರೀ, ಕೇಳಿಸ್ಕೊಳ್ಳಿ. ನಿಮ್ಮ ಪ್ರಯೋಗ ಕೆಡಿಸಿದ್ದು ನಾನೇ. ಆ ಎರಡನೇ ಜಾಡಿಗೂ ಬೇಡ್ಕೊಂಡಿದ್ದೆ. ದಿನಾ. ಒಳಗೆ ಹೋಗ್ಲಿಲ್ಲ, ಹೊಸ್ತಿಲಲ್ಲೇ ನಿಂತಿದ್ದೆ. ಪಾಪ ಅನ್ನಿಸ್ತು, ಏನ್ ಮಾಡ್ಲಿ? ನೀವು ಗೆದ್ದಿಲ್ಲ, ನಾನೂ ಗೆದ್ದಿಲ್ಲ. ಕ್ಷಮಿಸಿಬಿಡಿ."

ಹಿಂದೆ ಯಾರೋ ಉಸಿರು ಕಟ್ಟಿದಂತೆ ಸದ್ದು ಮಾಡಿದರು. ತಿರುಗಿದರೆ ಮೇಡಂ, ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಾರೆ, ಭುಜ ಕುಲುಕುತ್ತಿದೆ. ಅಳುತ್ತಿದ್ದಾರೆಂದು ಆಕೆ ಹತ್ತಿರ ಹೋದಳು. ನಗುತ್ತಿದ್ದರು.

"ಬನ್ನಿ ಇಲ್ಲಿ" ಎಂದು ಮೇಡಂ ಚೀಲದಿಂದ ಹಳದಿಗಟ್ಟಿದ ಪುಸ್ತಕ ತೆಗೆದರು. "ಇವತ್ತು ನಿಮಗೆ ಕೊಡೋಣ ಅಂತಲೇ ತಂದೆ. ಓದಿ."

ಆಕೆ ಸೆರಗಿನಿಂದ ಗಂಡನ ಕನ್ನಡಕ ತೆಗೆದು ಹಾಕಿಕೊಂಡಳು. ಮೊದಲ ಕಾಲಂನಲ್ಲಿ ಎರಡು ಜಾಡಿಗಳ ಚಿತ್ರ. ಎರಡನೆಯದರಲ್ಲಿ ಮೇಷ್ಟ್ರ ಗುಂಡನೆಯ ಅಕ್ಷರ:

'ಐದನೆಯ ದಿನ, ಬೆಳಿಗ್ಗೆ ಆರೂವರೆ. ಟವೆಲು ಮರೆತು ಹಿಂದಿರುಗಿದೆ. ಎರಡನೆಯ ಜಾಡಿಯ ಎದುರು, ಹೊಸ್ತಿಲಲ್ಲಿ, ಹೆಂಡತಿ ನಿಂತಿದ್ದಾಳೆ. ಕೈ ಮುಗಿದಿದೆ. ತುಟಿ ಅಲುಗುತ್ತಿದೆ. ಟವೆಲು ಇಲ್ಲದೆಯೇ ಸ್ನಾನ ಮಾಡಿದೆ.'

'ಆರನೆಯ ದಿನ. ಅದೇ.'

'ಏಳನೆಯ ದಿನ. ಅದೇ.'

ಮೂವತ್ತರವರೆಗೂ ಅದೇ. ಮೂರನೆಯ ಕಾಲಂ ಖಾಲಿ. ಅದರಲ್ಲಿ ಮೇಡಂ ಕೆಂಪು ಶಾಯಿಯಲ್ಲಿ ಕೇಳಿದ್ದರು: 'ಅನುಮಾನ ಎಲ್ಲಿ?' ಅದರ ಕೆಳಗೆ ಪೆನ್ಸಿಲಿನಲ್ಲಿ ಮೇಷ್ಟ್ರ ಉತ್ತರ:

'ಹೆಂಡತಿಯ ಮೇಲೆ ಅನುಮಾನ ಪಡುವುದಿಲ್ಲ, ಮೇಡಂ.'

ಆಕೆ ಎರಡು ಸಲ ಓದಿದಳು. ಮೂರನೆಯ ಸಲ ಅಕ್ಷರ ಮಸುಕಾಯಿತು.

"ಮನೇಗೆ ತಗೊಂಡು ಹೋಗಿ ಅಂದೆ" ಎಂದರು ಮೇಡಂ. "'ಅವಳು ಓದಿದ್ರೆ ನಾಚ್ಕೋತಾಳೆ, ನಿಮ್ಮ ಹತ್ರನೇ ಇರ್ಲಿ' ಅಂದ್ರು."

"ಎಷ್ಟು ಕೊಟ್ರಿ ಮೇಡಂ?"

"ಹತ್ತಕ್ಕೆ ಏಳು. ಮೂರನೇ ಕಾಲಂ ಬಿಟ್ಟಿದ್ದಕ್ಕೆ ಮೂರು ಕಡಿಮೆ."

"ಇವತ್ತಾದ್ರೂ ಕೊಟ್ಟುಬಿಡಿ."

"ಒಂದು ಸಲ ಕೊಟ್ಟ ಅಂಕ ನಾನು ತಿದ್ದಿದವಳಲ್ಲ" ಎನ್ನುತ್ತಲೇ ಮೇಡಂ ಚೀಲದಲ್ಲಿ ಕೈಯಾಡಿಸಿ ಕೆಂಪು ಪೆನ್ನು ಹುಡುಕಿದರು. ಏಳನ್ನು ಹೊಡೆದುಹಾಕಿ, ಹತ್ತು ಬರೆದು, ಪಕ್ಕದಲ್ಲಿ ಸಹಿ ಹಾಕಿದರು.

ಆಕೆಗೆ ನಗು ತಡೆಯಲಾಗಲಿಲ್ಲ. ಕನ್ನಡಕ ಇಲ್ಲವೆಂದು ಹೇಳಲು ಬಂದ ನಾದಿನಿ, ಅತ್ತಿಗೆ ಅದನ್ನೇ ಹಾಕಿಕೊಂಡು ನಗುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತಳು.

ಹೊರಗೆ ಗಾಡಿಯ ಸದ್ದಾಯಿತು. ಆಕೆ ಕಿಟಕಿಯಿಂದ ಎರಡೂ ಹರಳುಗಳನ್ನು ತಂದು, ಒರೆಸಿ, ಬೂದು ಅಂಗಿಯ ಜೇಬಿಗೆ ಹಾಕಿದಳು.

ನಲ್ಲಿ ರಿಪೇರಿಯವನು ಒದ್ದೆ ಕೈ ಒರೆಸಿಕೊಂಡು ತಲೆಯ ಕಡೆ ಹೆಗಲು ಕೊಟ್ಟ. ಎತ್ತಿದರು. ಮೊದಲ ಹೆಜ್ಜೆಗೇ ಜೇಬಿನೊಳಗೆ ಹರಳಿಗೆ ಹರಳು ತಾಗಿತು: ಟಿಣ್. ಮತ್ತೊಂದು ಹೆಜ್ಜೆ: ಟಿಣ್.

ಅವನ ಬಾಯಿಂದ, ಅವನಿಗೇ ಗೊತ್ತಿಲ್ಲದೆ, ಹೊರಬಿತ್ತು: "ಜರುಗ್ರೋ, ಬಾಟ್ಲಿ ಮೇಷ್ಟ್ರು ಬಂದ್ರು!"

ಅಂಗಳದಲ್ಲಿದ್ದ ನರೆತಲೆಯವರು, ಬೊಕ್ಕತಲೆಯವರು, ಮೊಮ್ಮಕ್ಕಳನ್ನು ಎತ್ತಿಕೊಂಡವರು, ಎಲ್ಲರೂ ಒಮ್ಮೆಗೇ ಸರಿದು ಎರಡೂ ಕಡೆ ಗೋಡೆಗೆ ಬೆನ್ನು ಹಚ್ಚಿ, ಉಸಿರು ಬಿಗಿಹಿಡಿದು ನಿಂತರು.