ರತ್ನವ್ವನ ಎಡಗೈ, ಮೂರನೆಯ ಸಲ ಬರೆದದ್ದು

೧

ಎಲ್ಲಿಂದ ಶುರು ಮಾಡಲಿ? ಕೈಯಿಂದ ಶುರುವಾಗಬೇಕು ಅಂತ ನನ್ನ ಹಟ, ಕಾಲೇಜಿನಿಂದ ಶುರುವಾಗಬೇಕು ಅಂತ ನಾಹಿದಾಳ ಹಟ. ನಾಹಿದಾ ಈ ಕಥೆಯ ನಾಯಕಿ. ಧಾರವಾಡದ ಲಕಮನಹಳ್ಳಿಯವಳು, ಹುಬ್ಬಳ್ಳಿಯಲ್ಲಿ ಆಕ್ಯುಪೇಷನಲ್ ಥೆರಪಿ ಓದುತ್ತಿದ್ದಾಳೆ. ಬ್ಯಾಚುಲರ್, ಮಾಸ್ಟರ್ ಎರಡೂ ಒಂದೇ ಗಂಟಿನಲ್ಲಿ ಸಿಗುವ ಜೋಡಿ ಡಿಗ್ರಿ. ಕಾಯಿಲೆ ಬಿದ್ದವರು ತಮ್ಮ ದಿನದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳುವಂತೆ ಕಲಿಸುವ ವಿದ್ಯೆ ಅದು. (ಅಂಥ ಕಾಲೇಜು ಎಲ್ಲಿದೆ ಅಂತ ಗೂಗಲ್ ಮಾಡಬೇಡಿ. ನಾನೇ ಕಟ್ಟಿದ್ದು, ಇನ್ನೂ ಸುಣ್ಣ ಆರಿಲ್ಲ.)

ಸರಿ, ಅವಳ ಮಾತೂ ಉಳಿಯಲಿ. ಮೊದಲ ವರ್ಷ, ಅನಾಟಮಿ ಹಾಲ್. ಆರತಿ ಮೇಡಮ್ ಹೆಣದ ಮುಂಗೈಯಲ್ಲಿ ದಾರದಂಥ ಒಂದು ಬಿಳಿ ನರವನ್ನು ಹಿಡಿದು ಮೆಲ್ಲಗೆ ಎಳೆದರು. ಅಷ್ಟು ದೂರದಲ್ಲಿ ಕಿರುಬೆರಳು ಬಾಗಿತು. ("ಅದು ನರ ಅಲ್ರಿ, ಟೆಂಡನ್," ಎಂದಳು ನಾಹಿದಾ. ಆಗಲಿ ತಾಯಿ, ಟೆಂಡನ್, ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ.) ಸತ್ತ ಕೈ ಯಾರನ್ನೋ ಕರೆದಂತೆ ಕಂಡು ನಾಹಿದಾಳ ಬಾಯಿಂದ "ಸುಭಾನಲ್ಲಾ" ಹೊರಬಿತ್ತು. ಅಂದು ಹಾಸ್ಟೆಲಿಗೆ ಹೋಗಿ ತಟ್ಟೆ ಮುಂದೆ ಕೂತವಳು ಅನ್ನ ಕಲಸುವ ತನ್ನ ಬೆರಳುಗಳನ್ನೇ ನೋಡುತ್ತ ಉಣ್ಣುವುದನ್ನು ಮರೆತಳು.

ಗ್ಯಾರೇಜು ನಡೆಸುವ ಅಪ್ಪ ಇಕ್ಬಾಲನಿಗೆ ಇದನ್ನೆಲ್ಲ ಹೇಳಿದಾಗ ಆತ ಕೇಳಿದ್ದು ಒಂದೇ ಮಾತು. "ಗಾಡಿ ರಿಪೇರಿ ಆದ್ರ ಓಡತೈತಿ. ಕೈ ರಿಪೇರಿ ಆದ್ರ ಏನ ಮಾಡತೈತಿ?" (ಮನೆಯ ಮಾತು ಉರ್ದು. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.) ನಾಹಿದಾ ನಕ್ಕಳು, ಪ್ರಶ್ನೆಯನ್ನು ಮಾತ್ರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟಳು.

೨

ಈಗ ರತ್ನವ್ವ ಬರಲಿ. ಉಪ್ಪಿನಬೆಟಗೇರಿಯ ಒಕ್ಕಲುತನದ ಮನೆಯವಳು. ಲಕ್ವಾ ಹೊಡೆದು ಎಡಗೈ ಮುಷ್ಟಿಯಾಗಿ ಮುಚ್ಚಿಕೊಂಡಿದೆ. ಕಾಲೇಜಿನ ಆಸ್ಪತ್ರೆಯಲ್ಲಿ ಅವಳನ್ನು ನಾಹಿದಾಳಿಗೆ ಒಪ್ಪಿಸಿದ್ದಾರೆ.

ಮೊದಲ ಡ್ರಾಫ್ಟಿನಲ್ಲಿ ಏನು ಬರೆದಿದ್ದೆ ಅಂತ ನೀವು ಆಗಲೇ ಊಹಿಸಿದ್ದೀರಿ. ಜೋಳದ ಹಿಟ್ಟು, ರೊಟ್ಟಿ ಬಡಿಯುವ ಸಪ್ಪಳ, ಕಣ್ಣೀರು, ಶುಭಂ. ಓದಿ ತೋರಿಸಿದೆ. ರತ್ನವ್ವ ಮಂಚದ ಮೇಲಿಂದಲೇ ಗದರಿದಳು.

"ರೊಟ್ಟಿ ಬಡ್ಯಾಕ ಮನ್ಯಾಗ ಸೊಸಿ ಅದಾಳ. ನನ್ನ ಕೇಳದ ಹೆಂಗ ಬರದಿ ನೀ?"

ಹರಿದು ಹಾಕಿದೆ.

೨ (ಮತ್ತೆ)

ನಾಹಿದಾ ಮಾತ್ರ ಕೇಳಿದ್ದಳು. "ಅವ್ವಾರ, ಯಾವ ಕೈಲೇ ಉಣ್ತೀರಿ?" ಬಲಗೈಲೆ. "ಯಾವ ಕೈಲೇ ತಲಿ ಹಿಕ್ಕೋತೀರಿ?" ಬಲಗೈಲೆ. ಹಾಗಾದರೆ ಸುಲಭವಾಯಿತು ಅಂದುಕೊಂಡಳು. ಒಂದೇ ಕೈಯಿಂದ ಸೀರೆ ಉಡುವುದನ್ನು ಕಲಿಸಿದಳು, ಕುಬುಸದ ಗುಂಡಿ ಹಾಕುವುದನ್ನು ಕಲಿಸಿದಳು. ಆರತಿ ಮೇಡಮ್ ಬೆನ್ನು ತಟ್ಟಿದರು. "ಛಲೋ ಮಾಡೀದಿ. ಎಡಗೈ ನಿಧಾನಕ್ಕ ನೋಡೋಣು. ಈ ವಾರ ಮನಿಗೆ ಕಳಸೂಣು."

ಎಲ್ಲ ಸರಿ, ಆದರೆ ತಟ್ಟೆ ಬಂದಾಗಲೆಲ್ಲ ರತ್ನವ್ವ ಅಳುತ್ತಿದ್ದಳು. ಉಪ್ಪಿಲ್ಲದ ಊಟಕ್ಕೆ ಅಂದರು ನರ್ಸುಗಳು. ಗಂಡ ಗುರುಸಿದ್ದಯ್ಯನವರು ಗೋಡೆ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದರು. ಮನೆಯ ಮಾತನ್ನು ಪರರಿಗೆ ಹೇಳುವ ಪೈಕಿ ಅಲ್ಲ ಅವರು.

ರಂಜಾನಿನ ಮೊದಲ ಬೆಳಿಗ್ಗೆ ರತ್ನವ್ವ ತನ್ನ ಚಹಾವನ್ನು ನಾಹಿದಾಳ ಕಡೆ ಸರಿಸಿದಳು.

"ರೋಜಾ ಐತ್ರಿ ಅವ್ವಾರ. ಹೊತ್ತ ಮುಳುಗೂತನಕ ನೀರೂ ಕುಡಿಯಂಗಿಲ್ಲ."

"ಉಣ್ಣು ಅಂತ ನಿನಗ ಯಾರೂ ಜುಲುಮಿ ಮಾಡಂಗಿಲ್ಲ?"

"ಇಲ್ರಿ."

"ನನಗ ಮಾಡ್ತೀರಲ್ಲ ಯವ್ವಾ."

ರತ್ನವ್ವ ಕೊರಳಲ್ಲಿದ್ದ, ಇಷ್ಟಲಿಂಗ ಇಟ್ಟ ಬೆಳ್ಳಿಯ ಕರಡಿಗೆಯನ್ನು ಸೆರಗಿನಿಂದ ಹೊರತೆಗೆದಳು. "ಇಲ್ಲಿಗಿ ಬರೂತನಕ ಲಿಂಗಪೂಜಿ ಆಗದ ನಾ ಎಂದೂ ಬಾಯಾಗ ಹನಿ ನೀರ ಹಾಕ್ಕೊಂಡಾಕಿ ಅಲ್ಲ. ಪೂಜಿ ಮಾಡೂದು ಬಲಗೈ, ಖರೇ. ಆದ್ರ ಲಿಂಗಪ್ಪ ಕೂಡ್ರೂದು ಇಲ್ಲೆ." ಮುಚ್ಚಿದ ಎಡಮುಷ್ಟಿಯನ್ನು ತೋರಿಸಿದಳು. "ಬಾಗಲಾ ಹಾಕೇತಿ."

ನಾಹಿದಾ ಹುಟ್ಟಿದ ಮನೆಯಲ್ಲಿ ಎಡಗೈ ಮುಂದೆ ಬಂದರೆ ಅಜ್ಜಿ ಏಟು ಕೊಡುತ್ತಿದ್ದಳು. ಉಣ್ಣಲು ಬೇಡ, ಕೊಡಲು ಬೇಡ, ಇಸಿದುಕೊಳ್ಳಲೂ ಬೇಡದ ಕೈ ಅದು. ಅದೇ ಕೈ ಇನ್ನೊಬ್ಬರಿಗೆ ದೇವರು ಕೂರುವ ಜಾಗವಾಗಿರಬಹುದು ಅಂತ ಯಾವ ಸೆಮಿಸ್ಟರಿನಲ್ಲೂ ಹೊಳೆದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಬೆರಗಾಯಿತು. ಓಡಿಹೋಗಿ ಮೇಡಮ್ ಕೈಕಾಲು ಹಿಡಿದು, ರಂಜಾನ್ ಮುಗಿಯುವವರೆಗೆ ರತ್ನವ್ವನನ್ನು ಉಳಿಸಿಕೊಂಡಳು.

೪

(ಮೂರನೆಯ ಭಾಗ ಎಲ್ಲಿ? ಅದರಲ್ಲಿ ನಾನು ಸೌಹಾರ್ದದ ಬಗ್ಗೆ ಒಂದು ಪುಟ ಕೊರೆದಿದ್ದೆ. ಸ್ಪರ್ಧೆಗೆ ಕಳಿಸಿದ್ದರೆ ಬಹುಮಾನ ಗ್ಯಾರಂಟಿ. ನಾಹಿದಾ ಓದಿ, "ಈ ಭಾಷಣ ನೀವ ಇಟ್ಕೊಳ್ರಿ ಸರ, ನನಗ ಆ ಅಂಗೈ ತೆರೀಬೇಕು, ಅಷ್ಟ," ಎಂದಳು.)

ಅಂಗೈ ತೆರೆದರೆ ಸಾಲದು, ಆಕಾಶ ನೋಡಬೇಕು. ಎದೆಯ ಎತ್ತರಕ್ಕೆ ಬರಬೇಕು, ಅಲುಗದೆ ನಿಲ್ಲಬೇಕು. ದಿನಾ ಬಿಸಿನೀರ ಬಟ್ಟೆ, ಮಂಚಕ್ಕೆ ಅಂಗೈ ಊರಿ ಭಾರ ಹಾಕುವುದು, ಮೊಣಕೈ ಹಿಡಿದು ಮೆಲ್ಲಗೆ ತಿರುಗಿಸುವುದು. ಅಭ್ಯಾಸಕ್ಕೆ ನಾಹಿದಾ ಹುಣಸೆಹಣ್ಣಿನ ಒಂದು ಕರಿ ಉಂಡೆ ಮಾಡಿ ತಂದಳು. ಮೊದಲ ಸಲವೇ ಅದು ಅಂಗೈಯಲ್ಲಿ ನಿಂತಿತು! ನಾಹಿದಾ ಚಪ್ಪಾಳೆ ತಟ್ಟಿದಳು.

"ಅಂಟಕೊಂಡೇತಿ ಹುಚ್ಚಿ," ಎಂದಳು ರತ್ನವ್ವ. "ಲಿಂಗಪ್ಪ ಅಂಟಂಗಿಲ್ಲ." ಮೂವರೂ ನಕ್ಕರು. ಗುರುಸಿದ್ದಯ್ಯನವರೂ ನಕ್ಕರು ಅಂತ ಒತ್ತಿ ಹೇಳುತ್ತಿದ್ದೇನೆ.

ಉಂಡೆ ಹೋಗಿ ಲಿಂಬೆಕಾಯಿ ಬಂತು. ಬಿತ್ತು, ಉರುಳಿತು, ಮತ್ತೆ ಬಿತ್ತು.

ಕೊನೆ (ಗಳು)

ಅ. ರಂಜಾನಿನ ಕೊನೆಯ ಬೆಳಿಗ್ಗೆ ಲಿಂಗ ಅಂಗೈಯಲ್ಲಿ ಅಲುಗದೆ ನಿಲ್ಲುತ್ತದೆ. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ("ಸಿನಿಮಾ," ಎಂದಳು ನಾಹಿದಾ.)

ಆ. ಲಿಂಗ ಜಾರುತ್ತದೆ. ("ನಿನ್ನ ಬಾಯಾಗ ಮಣ್ಣ ಬೀಳಲಿ," ಎಂದಳು ರತ್ನವ್ವ. ಇದನ್ನು ಬರೆಯುವ ಧೈರ್ಯ ನನಗಿಲ್ಲ.)

ಆದದ್ದನ್ನಷ್ಟೇ ಹೇಳುತ್ತೇನೆ. ಅದೇ ಕೊನೆಯ ಬೆಳಿಗ್ಗೆ ರತ್ನವ್ವ ಮಿಂದು, ವಿಭೂತಿ ಹಚ್ಚಿಕೊಂಡು ಕೂತಿದ್ದಾಳೆ. ತಟ್ಟೆ ಮುಚ್ಚಿಟ್ಟಿದೆ. ಎಡಗೈ ಎದೆಯ ಮಟ್ಟಕ್ಕೆ ಬಂದಿದೆ, ಮುಷ್ಟಿ ಮಾತ್ರ ಇನ್ನೂ ಬಿಚ್ಚಿಲ್ಲ. ನಾಹಿದಾ ಆ ಕೈಯ ಕೆಳಗೆ, ತಾಗದಂತೆ, ತನ್ನ ಅಂಗೈ ಹಿಡಿದಳು.

"ತಂಗಿ, ಕೈ ಹಿಂದ ತಗೊ," ಎಂದರು ಗುರುಸಿದ್ದಯ್ಯನವರು. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. ಜಾರಿದರೆ ಲಿಂಗ ಅವಳ ಅಂಗೈಗೆ ಬೀಳುತ್ತದೆ, ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ನಾಹಿದಾ ಕೈ ಹಿಂದೆ ತೆಗೆದಳು.

"ಇರಲಿ ಬಿಡ್ರಿ. ನನ್ನ ಕೈ ತೆರದಾಕಿ ಅಕಿ. ಕೆಳಗ ಅಕಿ ಕೈ ಇರಲಿ," ಎಂದಳು ರತ್ನವ್ವ.

ಗುರುಸಿದ್ದಯ್ಯನವರು ಹೆಂಡತಿಯ ಮುಷ್ಟಿಯನ್ನೊಮ್ಮೆ ನೋಡಿದರು. ಆಮೇಲೆ ಆಗಲಿ ಅಂತ ತಲೆ ಆಡಿಸಿದರು. ನಾಹಿದಾಳ ಅಂಗೈ ಮತ್ತೆ ಕೆಳಗೆ ಬಂತು. ರತ್ನವ್ವನ ಹೆಬ್ಬೆರಳು, ಇಷ್ಟು ದಿನ ನಾಹಿದಾ ಹಿಡಿದು ಬಿಡಿಸಬೇಕಾಗಿದ್ದ ಹೆಬ್ಬೆರಳು, ಯಾರೂ ಮುಟ್ಟದೆ ತಾನಾಗಿ ಸರಿಯಿತು. ಉಳಿದ ಬೆರಳುಗಳು ಅದರ ಹಿಂದೆ ಬಿಚ್ಚಿದವು. ಕೈ ರಿಪೇರಿ ಆದರೆ ಏನು ಮಾಡುತ್ತದೆ ಅಂತ ಅಪ್ಪನಿಗೆ ಹೇಳಬೇಕು, ನಾಹಿದಾ ಅಂದುಕೊಂಡಳು.

ರತ್ನವ್ವ ಬಲಗೈಯಿಂದ ಕರಡಿಗೆಯ ಮುಚ್ಚಳ ತೆರೆದಳು.

ಇಲ್ಲಿಂದಾಚೆ ನಾನು ಬರೆಯುವುದಿಲ್ಲ. ಇಬ್ಬರೂ ಉಪವಾಸ ಇದ್ದಾರೆ, ಇಬ್ಬರಿಗೂ ಅವಸರವಿಲ್ಲ. ನಿಮಗೇನು ಅವಸರ?