ಜೊಂಡಿನೊಳಗಿನ ಕೆಮ್ಮು

ಕಣ್ಣಿಗೆ ಬಂದ ಹಕ್ಕಿ ಕಿವಿಗೆ ಬರಲಿಲ್ಲ — ಗಾದೆ ಹೀಗಿಲ್ಲ, ಅದರಲ್ಲಿ ತುತ್ತು ಇದೆ, ಬಾಯಿ ಇದೆ, ಆದರೆ ಎರ್ಲಿಂಡಾಗೆ ಈ ಬೆಳಗ್ಗೆ ಹೊಳೆದದ್ದು ಹೀಗೆಯೇ, ಮತ್ತು ಇದು ಹೆಣೆದ ಕಥೆಯಲ್ಲ, ಜೊಂಡಿನಾಣೆಗೂ ನಡೆದದ್ದು — ದುರ್ಬೀನಿನ ದುಂಡು ಬೆಳಕಿನಲ್ಲಿ ಒಂದು ಜೊಂಡಿನ ಕಡ್ಡಿ, ಕಡ್ಡಿಯ ತುದಿಗೆ ಹೆಬ್ಬೆರಳಷ್ಟು ರೆನ್ ಹಕ್ಕಿ, ಬಾಲ ನೆಟ್ಟಗೆ, ಕೊಕ್ಕು ತೆರೆದಿದೆ, ಗಂಟಲ ಗರಿ ನಡುಗುತ್ತಿದೆ, ಸದ್ದಿಲ್ಲ. ಹಾಡುತ್ತಿದೆಯೋ ಆಕಳಿಸುತ್ತಿದೆಯೋ, ಅಷ್ಟು ಹೊತ್ತು ಯಾರು ಆಕಳಿಸುತ್ತಾರೆ, ಪಾದ್ರಿಗಳ ಪ್ರವಚನದಲ್ಲಿ ಕೂತ ಮೈದುನ ಹಿಲಾರಿಯೊ ಬಿಟ್ಟರೆ, ಹೋದ ಏಪ್ರಿಲ್‌ನಲ್ಲಿ ಇದೇ ಹಕ್ಕಿ ಹಳೇ ಹೊಲಿಗೆ ಯಂತ್ರದ ಹಾಗೆ ಗರಗರ ಅಂದಿತ್ತಲ್ಲ, ಅದರ ಹಿಂದಿನ ವರ್ಷ ಇನ್ನೂ ಜೋರಾಗಿ, ಸಣ್ಣ ಸದ್ದುಗಳೇ ಮೊದಲು ಹೋಗೋದು ಅಂದಿದ್ದಳು ಸೊಕೊರೊ ಪಟ್ಟಣದ ಕಿವಿ ಡಾಕ್ಟರು, ದಪ್ಪ ದನಿಗಳು ಇನ್ನೂ ಸ್ವಲ್ಪ ಕಾಲ ಇರುತ್ವೆ, ಹೆದರಬೇಡಿ — ಹೆದರಿಕೆ ಅಲ್ಲಮ್ಮ, ಶನಿವಾರದ ಹಕ್ಕಿ ನೋಡುವ ನಡಿಗೆಯ ಮುಂದಾಳು ನಾನು, ಮುಂದಾಳು ಮೊದಲು ಕೇಳಿಸಿಕೊಂಡು ಹೆಸರು ಹೇಳಬೇಕು, ಇನ್ನೊಬ್ಬರು ಹೌದೆನ್ನಬೇಕು, ಆಮೇಲೆ ತಾನೇ ಹಕ್ಕಿಧಾಮದ ಗೇಟಿನ ಹಲಗೆಯ ಮೇಲೆ ಹಕ್ಕಿಯ ಹೆಸರು ಏರೋದು, ಕಿವುಡು ಮುಂದಾಳು ಅಂದರೆ ಕುರುಡು ಡ್ರೈವರ್ ಇದ್ದ ಹಾಗೆ. ಹಿಂದೆ ಮಾರ್ವಿನ್ ಉಸಿರು ಬಿಗಿಹಿಡಿದು ನಿಂತಿದ್ದಾನೆ, ಅಂಗೈಯಲ್ಲಿ ಫೋನು, ಸದ್ದು ಕೇಳಿದರೆ ಹೆಸರು ಬರೆದು ತೋರಿಸುವ ಫೋನು, ಎರಡನೇ ತರಗತಿಯಲ್ಲಿ ಇವನಿಗೆ ಮಗ್ಗಿ ಕಲಿಸಿದ್ದು ತಾನೇ, ಈಗ ಅವನ ತಲೆಯೂ ನರೆತಿದೆ, ಆದರೂ ಟೀಚರ್ ಅನ್ನುತ್ತಾನೆ, ಟೀಚರ್, ಏನಾದರೂ ಕೇಳಿಸ್ತಾ, ಮೆತ್ತಗೆ, ಪರೀಕ್ಷೆಯಲ್ಲಿ ತಾನು ಅವನನ್ನು ಕೇಳುತ್ತಿದ್ದಷ್ಟೇ ಮೆತ್ತಗೆ. ಇವತ್ತು ಜೊಂಡಿನೊಳಗಿಂದ ಒಂದೇ ಒಂದು ದನಿಯನ್ನಾದರೂ ತಾನೇ ಮೊದಲು ಹಿಡಿಯದೆ ಹೋದರೆ ಮುಂದಾಳಿನ ಈ ಹಸಿರು ಪಟ್ಟಿಯ ಟೋಪಿ ಅವನ ತಲೆಗೆ, ತಾನಿನ್ನು ಮನೆಯಲ್ಲಿ ಬೀನ್ಸ್ ಆರಿಸುತ್ತಾ ಕೂರುವುದು, ಹಾಗಂತ ನಿರ್ಧರಿಸಿ ಆಗಿದೆ, ಹೇಳಿದ್ದು ಮೈದುನ ಹಿಲಾರಿಯೊಗೊಬ್ಬನಿಗೆ, ಗುರುವಾರ, ಅವನು ಹಸಿರು ಮೆಣಸಿನಕಾಯಿಯ ಬುರ್ರಿಟೊ ರೊಟ್ಟಿಸುರುಳಿ ಕಚ್ಚುತ್ತಾ, ಅಯ್ಯೋ ಅತ್ತಿಗೆ, ನಾನು ಜೊತೆಗೆ ಬರ್ತಿದ್ದೆ, ಏನು ಮಾಡಲಿ, ಶನಿವಾರ ಕಾಲುವೆ ನೀರಿನ ಸರದಿ ನಂದು, ಹೊಲಕ್ಕೆ ತಿರುಗಿಸದೆ ಇದ್ರೆ ಮುಗೀತು, ಅಂದ, ಅಂದು ಎಂದಿಲ್ಲದ ಹಾಗೆ ತಟ್ಟೆ ತಾನೇ ತೊಳೆದಿಟ್ಟ.

ಗಾಳಿಯಿಲ್ಲ, ಕೊಕ್ಕರೆಗಳು ಉತ್ತರಕ್ಕೆ ಹೋಗಿ ತಿಂಗಳು ಕಳೆಯಿತು, ಕೆಂಪು ಗುಡ್ಡಗಳ ನೆರಳು ನೀರಿನ ಮೇಲಿಂದ ಮೆಲ್ಲಗೆ ಹಿಂದೆ ಸರಿಯುತ್ತಿದೆ, ಆಚೆಗೆ ಮರಳು, ಈಚೆಗೆ ನೀರು, ನಡುವೆ ಈ ಜೊಂಡು, ಮತ್ತೆ ಆ ಹಕ್ಕಿ, ಕೊಕ್ಕು ತೆರೆದಿದೆ, ಸದ್ದಿಲ್ಲ, ಗಂಡ ಟ್ರಾಂಕ್ವಿಲಿನೊ ಬದುಕಿದ್ದಿದ್ದರೆ ಭುಜ ಮುಟ್ಟಿ ಹೇಳುತ್ತಿದ್ದ, ಹಾಡ್ತಿದೆ ಕಣೇ ಅಂತ, ಗಂಡನ ಕಿವಿಯೂ ತನ್ನದೇ ಎಂದು ಬಾಳಿದವಳು, ಅವನ ಜೊತೆಗೇ ಅದೂ ಹೋಯಿತು — ಗ್ಳುಂಕ್. ಏನದು. ಗ್ಳುಂಕ್-ಕ-ಚುಂಕ್, ಹಳೇ ಬೋರ್‌ವೆಲ್ಲಿನ ಕೈಪಂಪು ಒಣಗಂಟಲಲ್ಲಿ ನೀರು ಎಳೆದ ಹಾಗೆ, ಕೈ ತಾನಾಗಿ ಮೇಲೆದ್ದಿತು, ಬಿಟರ್ನ್, ಅಂದಳು, ಜೊಂಡಿನ ಬಣ್ಣದ ಬಕ, ಮೂರು ವರ್ಷದಿಂದ ಯಾರೂ ಕೇಳದ ಬಕ, ತಾನು ಕೇಳಿದಳು, ಎಲ್ಲರಿಗಿಂತ ಮೊದಲು ತಾನೇ, ಕಣ್ಣಲ್ಲಿ ನೀರು, ದುರ್ಬೀನು ಮಂಜಾಯಿತು, ಫೋನೂ ಹೌದು ಅಂತಿದೆ ಟೀಚರ್, ಮಾರ್ವಿನ್ ಹಲ್ಲು ಕಿಸಿದು ಗಾಜನ್ನು ತೋರಿಸಿದ, ಅದರಲ್ಲಿ ಹಸಿರು ಅಕ್ಷರದಲ್ಲಿ ಅದೇ ಹೆಸರು, ಹಲಗೆಗೆ ಏರಿಸಿಬಿಡ್ತೀನಿ, ಅದರ ಫೋಟೊ ಹಾಕಿದರೆ ದೂರದ ಟಕ್ಸನ್ನಿನಿಂದೆಲ್ಲ ಜನ ಓಡಿ ಬರ್ತಾರೆ ನೋಡಿ, ಅಂದ. ಗ್ಳುಂಕ್-ಕ-ಚುಂಕ್. ಆಮೇಲೆ, ಸಣ್ಣದಾಗಿ, ಖ್ಹ. ಖ್ಹ? ಬಕ ಕೆಮ್ಮುತ್ತದೆಯೇ. ಅವಳ ಮದುವೆಯ ದಿನ ಹಿಲಾರಿಯೊ ಪಾದ್ರಿಯ ದನಿ ಅಣಕಿಸಿ ಆಮೇಲೆ ಖ್ಹ, ಹೆಂಬಾತು ಅಣಕಿಸಿ ಖ್ಹ, ಅವಳ ತಾಯಿಯ ಗೊರಕೆ ಅಣಕಿಸಿ ಖ್ಹ, ಗಂಡನ ಅಪೊದಾಕಾ ಮನೆತನದ ಕೆಮ್ಮು, ಅವನ ಅಣ್ಣ ಟ್ರಾಂಕ್ವಿಲಿನೊಗೂ ಅದೇ ಇತ್ತು, ಕತ್ತಲಲ್ಲಿ ಪಕ್ಕದ ದಿಂಬಿನಿಂದ ವರ್ಷಾನುಗಟ್ಟಲೆ ಕೇಳಿದ ಕೆಮ್ಮು, ಅದು ಫೋನಿಗೆ ಹೇಗೆ ಗೊತ್ತಾಗಬೇಕು. ಹೊಲಕ್ಕೆ ನೀರು ತಿರುಗಿಸ್ತಾನಂತೆ, ಸೊಂಟದ ಮಟ್ಟ ಕೆಸರಲ್ಲಿ ಕೂತು ಅತ್ತಿಗೆಯ ಕಿವಿಗೆ ನೀರು ಹಾಯಿಸುತ್ತಿದ್ದಾನೆ, ಅವಳಿಗಿನ್ನೂ ಕೇಳಿಸುವ ದಪ್ಪ ದನಿಯ ಹಕ್ಕಿಯನ್ನೇ ಆರಿಸಿಕೊಂಡು, ಕಳ್ಳ, ಎಷ್ಟು ಅಕ್ಕರೆಯ ಕಳ್ಳ. ಬಾಯಿ ಮುಚ್ಚಿಕೊಂಡಿದ್ದರೆ ಆಯಿತು, ಟೋಪಿ ತಲೆಯ ಮೇಲೆ ಉಳಿಯುತ್ತದೆ, ಫೋನೇ ಸಾಕ್ಷಿ, ಮಾರ್ವಿನ್ ಸಾಕ್ಷಿ, ಬರುವ ಶನಿವಾರವೂ ತಾನೇ ಮುಂದೆ — ಟಕ್ಸನ್ನಿನವರು ಇಲ್ಲಿ ನಿಂತು ಕಾಯುತ್ತಾರೆ, ಇಲ್ಲದ ಬಕಕ್ಕೆ, ಕಿವಿ ನಿಮಿರಿಸಿಕೊಂಡು, ತನ್ನ ಹಾಗೆ.

ಬರೀಬೇಡ ಮಾರ್ವಿನ್, ಅಂದಳು, ಅದು ನನ್ನ ಮೈದುನ.

ಮಾರ್ವಿನ್ ಫೋನು ನೋಡಿದ, ಟೀಚರನ್ನು ನೋಡಿದ, ಮತ್ತೆ ಫೋನು ನೋಡಿದ, ಜೊಂಡು ಸರಿದು ಕೆಸರು ಮೆತ್ತಿದ ಹಿಲಾರಿಯೊ ತಲೆ ಎತ್ತಿದ, ತಲೆಯ ಮೇಲೆ ಪಾಚಿ, ಹೆಂಗೆ ಗೊತ್ತಾಯ್ತು ಅತ್ತಿಗೆ, ಫೋನಿಗೇ ಗೊತ್ತಾಗಲಿಲ್ಲ ಅಂತೀನಿ, ಮುಖ ನೆನೆದ ಬೆಕ್ಕಿನದು, ಮಾರ್ವಿನ್ ನಕ್ಕ, ಹಿಲಾರಿಯೊ ನಕ್ಕ, ಎರ್ಲಿಂಡಾ ಎಲ್ಲರಿಗಿಂತ ಜೋರಾಗಿ ನಕ್ಕಳು, ಎಷ್ಟು ಜೋರು ಎಂದು ಅವಳಿಗೇ ತಿಳಿಯಲಿಲ್ಲ, ನೀರಿನ ಮೇಲಿದ್ದ ಬಾತುಗಳು ಧಡಕ್ಕನೆ ಎದ್ದಾಗಲೇ ತಿಳಿದದ್ದು, ನಗುತ್ತಲೇ ಟೋಪಿ ತೆಗೆದು ಮಾರ್ವಿನ್ ತಲೆಗೆ ಇಟ್ಟಳು, ನಗುತ್ತಲೇ ಅವನ ತೋಳು ಹಿಡಿದು ತಿರುಗಿಸಿದಳು, ಆ ಕಡ್ಡಿಯ ತುದಿ ನೋಡು ಮಗಾ, ಅದು ಹಾಡ್ತಿದೆಯಾ ಹೇಳು, ನಂಗೆ ಕೇಳಿಸ್ತಿಲ್ಲ, ಹಾಡ್ತಿದೆ ಟೀಚರ್, ಭಾರೀ ಜೋರಾಗಿ, ಅಂದ ಮಾರ್ವಿನ್, ಹಾಗಾದರೆ ಅದನ್ನ ಬರಿ, ಕಂಡಿದ್ದು ನಾನು, ಕೇಳಿದ್ದು ನೀನು, ಅಂದಳು, ನಗು ಇನ್ನೂ ನಿಂತಿಲ್ಲ, ದುರ್ಬೀನು ಅಲುಗುತ್ತಿದೆ, ದುಂಡು ಬೆಳಕಿನಲ್ಲಿ ಕಡ್ಡಿ, ಕಡ್ಡಿಯ ತುದಿಗೆ ಬಾಲ, ಕೊಕ್ಕು ತೆರೆದಿದೆ, ತನ್ನ ಬಾಯಿಯೂ ತೆರೆದಿದೆ, ಗಂಟಲ ಗರಿ ನಡುಗುತ್ತಿದೆ, ಕೊಕ್ಕು ತೆರೆದಿದೆ