ಕಾಲು ತೊಳೆಯುವ ಸರದಿ

ಆ ಭಾನುವಾರ ಬೆಳಗಿನ ಮಂಜು ನೆಲ ಬಿಟ್ಟು ಏಳಲೇ ಇಲ್ಲ. ಏಪ್ರಿಲ್ ಅರ್ಧ ಕಳೆದಿದ್ದರೂ ಲ್ಯಾಂಕಾಸ್ಟರ್ ಕಡೆಯ ಹೊಲಗಳ ಮೇಲೆ ಅದು ಹಾಲಿನ ಕೆನೆಯಂತೆ ಕೂತಿತ್ತು. ಹೊಸದಾಗಿ ಹರಡಿದ ಗೊಬ್ಬರದ ವಾಸನೆ ಮಾತ್ರ ದಾರಿ ಮಾಡಿಕೊಂಡು ಮೆನೊನೈಟ್ ಪಂಗಡದ ಕ್ರೈಸ್ತರ ಪ್ರಾರ್ಥನಾಮಂದಿರದ ಬಾಗಿಲವರೆಗೂ ಬಂದಿತ್ತು. ವರ್ನಾ ಹರ್ನಿಶ್ ಕಾರಿನಿಂದ ಇಳಿದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎಡಗಾಲಿನ ಹಿಮ್ಮಡಿ ಊರದೆ ನಡೆದಳು.

ಹಿಮ್ಮಡಿಯಲ್ಲಿ ಗಾಯವಿತ್ತು. ಚಳಿಗಾಲದ ಬೂಟು ಕಚ್ಚಿದ್ದು; ಸಕ್ಕರೆ ಕಾಯಿಲೆಯ ಮೈ, ಮಾಯಲಿಲ್ಲ. ಮನೆಮನೆಗೆ ಹೋಗಿ ರೋಗಿಗಳ ಕಾಲಿಗೆ ಪಟ್ಟಿ ಕಟ್ಟುವ ನರ್ಸ್ ಅವಳು. ಇಂಥ ಗಾಯ ಮೂಳೆಗಿಳಿದರೆ ಕಾಲೇ ಹೋಗುತ್ತದೆಂದು ಅವಳಿಗೆ ಇನ್ನೊಬ್ಬರು ಹೇಳಬೇಕಾಗಿರಲಿಲ್ಲ. ಆದರೆ ಡಾಕ್ಟರಿಗೆ ತೋರಿಸಿದರೆ ತಿಂಗಳುಗಟ್ಟಲೆ ಕಾಲು ಮೇಲಿಟ್ಟು ಕೂರು ಅನ್ನುತ್ತಾರೆ. ಕೂತು ಏನು ಮಾಡುವುದು? ಮಂಡಿಯೂರಿ ಇನ್ನೊಬ್ಬರ ಪಾದ ಹಿಡಿದಾಗಷ್ಟೇ ಅವಳಿಗೆ ದೇವರೊಡನೆ ಮಾತು ಬರುತ್ತಿತ್ತು. ಬರಿಗೈಯಲ್ಲಿ ಕೂತರೆ ಪ್ರಾರ್ಥನೆಯ ಮೊದಲ ಪದವೂ ಹೊಳೆಯುತ್ತಿರಲಿಲ್ಲ.

ಅಂದು ರೊಟ್ಟಿ, ದ್ರಾಕ್ಷಾರಸದ ಪವಿತ್ರ ಭೋಜನ. ಅದು ಮುಗಿದ ಮೇಲೆ ಗಂಡಸರು ಒಂದು ಕೋಣೆಗೆ, ಹೆಂಗಸರು ಇನ್ನೊಂದಕ್ಕೆ ಹೋಗಿ, ಜೋಡಿ ಜೋಡಿಯಾಗಿ ಒಬ್ಬರ ಪಾದವನ್ನು ಒಬ್ಬರು ತೊಳೆಯುವುದು ಹಿರಿಯರಿಂದ ಬಂದ ಪದ್ಧತಿ. ಯೇಸು ಶಿಷ್ಯರ ಪಾದ ತೊಳೆದದ್ದನ್ನು ಬೋಧಕರು ಓದಿದರು. ಬೇಡವೆಂದು ಕಾಲೆಳೆದುಕೊಂಡ ಶಿಷ್ಯನ ಹೆಸರು ಬಂದಾಗ ವರ್ನಾ ಹಾಡಿನ ಪುಟ ಹುಡುಕುತ್ತಿದ್ದಳು. ಕೆಲವು ವರ್ಷಗಳಿಂದ ಬೆಚ್ಚನೆಯ ನೀರಿನ ಹೂಜಿ ಹೊತ್ತು ಓಡಾಡುವ ಕೆಲಸವನ್ನು ಅವಳೇ ವಹಿಸಿಕೊಂಡಿದ್ದಳು. ಹೂಜಿ ಹೊತ್ತವಳನ್ನು ಕೂರು ಎನ್ನುವವರಿಲ್ಲ.

ಈ ಸಲ ಮುದುಕಿ ಮೇಬಲ್ ನಿಸ್ಲಿಯ ಜೊತೆಗಾತಿ ನೆಗಡಿಯೆಂದು ಬಂದಿರಲಿಲ್ಲ. ಜೋಡಿಯಿಲ್ಲವೆಂದು ಯಾರನ್ನೂ ಹಾಗೇ ಕಳಿಸುವಂತಿಲ್ಲ. ಮೇಬಲ್ ವರ್ನಾಳ ರೋಗಿಯೇ. ಪ್ರತಿ ಮಂಗಳವಾರ ಅವಳ ಕಾಲು ತೊಳೆದು ಪಟ್ಟಿ ಬದಲಿಸುವವಳು ವರ್ನಾ. ಹೂಜಿ ಕೆಳಗಿಟ್ಟು, ಮಂಡಿಯೂರಿ, ರೂಢಿಯ ಕೈಯಲ್ಲಿ ತೊಳೆದು ಒರೆಸಿದಳು. ಎದ್ದು ಹೊರಡುವಾಗ ಮೇಬಲ್ ಟವೆಲ್ಲಿನ ತುದಿ ಬಿಡಲಿಲ್ಲ.

"ಎಲ್ಲಿಗೆ ಹೊರಟೆ? ಈಗ ನನ್ನ ಸರದಿ."

ವರ್ನಾ ಮುದುಕಿಯ ಮಂಡಿನೋವನ್ನು ನೆನಪಿಸಿದಳು. ಉಳಿದವರಿಗೆ ನೀರು ಬೇಕು, ತಣ್ಣಗಾಗುತ್ತದೆ ಎಂದಳು.

"ನನ್ನ ಮಂಡಿ, ನನ್ನ ಪಾಡು ಕಣೇ. ವಾರವಾರ ನಿನ್ನ ಬೈಗುಳ ತಿಂದ್ಕೊಂಡು ನಾನು ಕಾಲು ಚಾಚಿಲ್ವಾ? ನಿನ್ನ ಕಾಲೇನು ಬೆಣ್ಣೇಲಿ ಮಾಡಿದ್ದಾ?"

ಪಕ್ಕದ ಬೆಂಚಿನವರು ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು. ವರ್ನಾ ಬಗ್ಗಿ, ಅವಳೊಬ್ಬಳಿಗೇ ಕೇಳುವಂತೆ, "ಗಾಯ ಆಗಿದೆ ಮೇಬಲಕ್ಕ. ಈ ಬೋಗುಣಿಗೆ ಇಳಿಸೋ ಹಾಗಿಲ್ಲ," ಎಂದಳು. ಯಾರಿಗೂ ಹೇಳದ ಮಾತು ಅಷ್ಟು ಸಲೀಸಾಗಿ ಹೊರಬಿದ್ದದ್ದು ಅವಳಿಗೇ ವಿಚಿತ್ರವೆನಿಸಿತು.

ಮೇಬಲ್ ನಗಲಿಲ್ಲ. ಎಂದಿನಿಂದ ಎಂದು ಕೇಳಿದಳು. ಹಿಮ ಬೀಳುವಾಗಿನಿಂದ ಎಂದು ವರ್ನಾ ಒಪ್ಪಿಕೊಂಡಳು.

"ನಾನು ಹೀಗೆ ಬಚ್ಚಿಟ್ಟಿದ್ರೆ ಸುಮ್ನೆ ಬಿಡ್ತಿದ್ದೆಯಾ ನೀನು? ನಾಳೆ ಡಾಕ್ಟರ ಹತ್ರ ಹೋಗೋಣ, ಕಾರು ನಾನೇ ಓಡಿಸ್ತೀನಿ. ನಿನ್ನ ರೋಗಿಗಳ ಚಿಂತೆ ಸ್ವಲ್ಪ ದಿನ ದೇವರು ಮಾಡ್ಲಿ, ಅವನಿಗೂ ಅಭ್ಯಾಸ ಇದೆ. ಕೂತ್ಕೋ."

ವರ್ನಾ ಕೂತಳು. ಕಾಲುಚೀಲ ಕಳಚಿದಳು. ಅಷ್ಟರಲ್ಲಿ ಹೆಂಗಸರು ಹಾಡು ಎತ್ತಿಕೊಂಡಿದ್ದರು, ಯಾರೂ ಇತ್ತ ನೋಡುತ್ತಿರಲಿಲ್ಲ. ಮೇಬಲ್ ಬೆಂಚು ಹಿಡಿದು, ಉಸಿರು ಬಿಡುತ್ತಾ ನೆಲಕ್ಕಿಳಿದಳು. ಬೋಗುಣಿಯನ್ನು ಪಕ್ಕಕ್ಕೆ ಸರಿಸಿ, ಹೂಜಿಯಿಂದ ಶುದ್ಧ ನೀರು ಸುರಿದು ಒಗೆದ ಬಟ್ಟೆ ಒದ್ದೆ ಮಾಡಿಕೊಂಡಳು. ಬಲಗಾಲು ಮೊದಲು, ಆಮೇಲೆ ಎಡಗಾಲು, ಗಾಯದ ಪಟ್ಟಿಗೆ ತಾಗದ ಹಾಗೆ.

ವರ್ನಾಳ ಕೈಗಳು ಮಡಿಲಲ್ಲಿ ಖಾಲಿ ಬಿದ್ದಿದ್ದವು. ಪ್ರಾರ್ಥನೆಯ ಪದ ಬರಲಿಲ್ಲ. ಬರಲೆಂದು ಅವಳು ಕಾಯಲೂ ಇಲ್ಲ.

ಇಷ್ಟು ಮಂಗಳವಾರಗಳಲ್ಲಿ ತಾನು ಪಡೆದದ್ದನ್ನು ಮೇಬಲ್, ಒಂದೊಂದು ಬೆರಳಿನ ಸಂದಿಯನ್ನೂ ಅವಸರವಿಲ್ಲದೆ ಒರೆಸುತ್ತಾ, ಹಿಂದಿರುಗಿಸಿದಳು.